ಮಂಡಿ

ಬೆಲ್ಲದ ಮಂಡಿಯಲ್ಲಿ ಹದಿನೆಂಟು ವರ್ಷ
ಇನ್ನೊಂದು ಮಂಡಿ ಸವೆಸಿದೆ.
ಎರಡಕ್ಕೂ ಒಂದೇ ಹೆಸರಿಟ್ಟವನು
ಹಮಾಲಿಯೇ ಇರಬೇಕು.

ಮಂಡ್ಯದ ದೊಡ್ಡಾಸ್ಪತ್ರೆ, ಬುಧವಾರ,
ಚೀಟಿ ನಂಬರು ತೊಂಬತ್ತೊಂದು.
ಇನ್ನೂ ಓದು ಮುಗಿಸದ ಡಾಕ್ಟರಮ್ಮ,
ತೊಡೆ ಮೇಲೆ ಪ್ಯಾಡು, ಪ್ಯಾಡಿನ ಮೇಲೆ ಫಾರಮ್ಮು,
ಫಾರಮ್ಮಿನ ತುಂಬ ಚೌಕ ಚೌಕ
ಬೆಲ್ಲದಚ್ಚಿನ ಹಲಗೆ ಥರ.

ವಯಸ್ಸು?
ನಲವತ್ತೊಂದು.
ಮುದುಕರ ಕಾಯಿಲೆ ಅಂತಾರಲ್ಲ ತಾಯಿ ಇದನ್ನ, ಅಂದೆ.
ಅಂತಾರೆ, ಅಂದಳು. ಬರೆದುಕೊಂಡಳು.

ತೂಕ?
ಯಾವುದು ಬರೀತೀರವ್ವ?
ಬರಿಮೈ ಅರವತ್ತೆರಡು.
ಬೆನ್ನ ಮೇಲೆ ಮೂಟೆ ಕೂತರೆ ನೂರು ದಾಟುತ್ತೆ.
ಲಾರಿಗೆ ಆನಿಸಿದ ಹಲಗೆ ಹತ್ತುವಾಗ
ಒಂದು ಕಾಲು ಗಾಳಿಯಲ್ಲಿ,
ಆ ನೂರೂ ಇನ್ನೊಂದರ ತಲೆಯ ಮೇಲೆ.
ಅವಳ ಪೆನ್ನು ಒಂಚೂರು ತಡೆದು
ಅರವತ್ತೆರಡು ಅಂತಲೇ ಬರೆಯಿತು.
ಚೌಕ ಇದ್ದದ್ದೇ ಅಷ್ಟು.

ಹಳೇ ಪೆಟ್ಟು?
ಹೈಸ್ಕೂಲು, ಕಬಡ್ಡಿ, ಕೀಲಾರದ ಹುಡುಗರ ಮೇಲೆ.
ಗೆರೆಗೆ ಒಂದು ಗೇಣು ಬಾಕಿ,
ಐದು ಜನ ನನ್ನ ಬಲಗಾಲಿನ ಮೇಲೆ.
ಮುಟ್ಟಿದೆ ಗೆರೆ.
ಎಣ್ಣೆ ಹಾಕಿ ನೀವಿದ ಸೋದರಮಾವ,
ಮೂರನೇ ದಿನ ಕಬ್ಬು ಹೊರೋಕೆ ಕರೆದ.
ಅದು ಇಪ್ಪತ್ತೈದು ವರ್ಷದ ಮಾತು, ವಾಸಿಯಾಗಿದೆ, ಅಂದೆ.
ಅವಳು ಆ ಉತ್ತರದ ಕೆಳಗೆ
ಎರಡು ಸಲ ಗೆರೆ ಎಳೆದಳು.

ಮನೇಲಿ ಬೇರೆ ಯಾರಿಗಾದರೂ?
ನಮ್ಮವ್ವ.
ನಾಟಿ ಗದ್ದೆಯಲ್ಲಿ ಬಗ್ಗೀ ಬಗ್ಗೀ
ನೆಟ್ಟಗಾಗುವುದನ್ನೇ ಮರೆತಳು.
ರಕ್ತದ್ದೋ ಕೆಸರಿನದ್ದೋ ಗೊತ್ತಿಲ್ಲ.
ಗದ್ದೆ ಯಾರದೋ,
ನೋವೊಂದು ನಮ್ಮ ಹೆಸರಿಗೆ ಖಾತೆಯಾಗಿದೆ.

ಬೀಡಿ?
ಕಟ್ಟು ಎರಡು ದಿನಕ್ಕೆ.
ಮನೆ ಒಳಗೋ, ಹೊರಗೋ?
ಇದ್ಯಾಕೆ ಕೇಳ್ತಾಳೆ ಇವಳು.
ಒಂದೇ ಕೋಣೆ ತಾಯಿ. ಒಳಗೇ.

ಬೆಳಿಗ್ಗೆ ಎದ್ದಾಗ ಕೀಲು ಬಿಗಿದಿರುತ್ತಾ?
ಹತ್ತು ನಿಮಿಷ. ಬಚ್ಚಲಿಗೆ ಹೋಗಿ ಬಂದರೆ ಸಡಿಲ.
ಒಂದು ಗಂಟೆ? ಎರಡೂ ಕೈಯ ಬೆರಳು ಮಡಚೋಕೇ ಆಗದ ಹಾಗೆ?
ಇಲ್ಲ, ನನಗಿಲ್ಲ

ಅನ್ನುವಷ್ಟರಲ್ಲಿ ಸಣ್ಣತಾಯಿ.
ಮೂವತ್ತಾರು. ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವವಳು.
ಬೆಳಗಿನ ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿದು
ಕುಡಿಯದೆ, ಆರುವ ತನಕ ಕೂರುವವಳು.
ಸೋಮಾರಿ, ಅಂದಿದ್ದೆ.
ಉಂಗುರ ಬಿಗೀತದೆ ಅಂತ ಸೋಪು ಹಚ್ಚಿ ಬಿಚ್ಚಿ
ಅಕ್ಕಿ ಡಬ್ಬಿಯಲ್ಲಿಟ್ಟಳು ಯುಗಾದಿಯಲ್ಲಿ.
ದಪ್ಪಗಾದೆ ಬಿಡು, ಅಂತ ನಕ್ಕಿದ್ದೆ.
ಈಗ ಮುದ್ದೆ ಕಟ್ಟುವವನು ಮಗ.
ಗಂಡುಮಕ್ಕಳೂ ಕಲೀಲಿ, ಅಂದಳು.
ಎಷ್ಟು ತಿಳಿವಳಿಕೆ ಇವಳಿಗೆ ಅಂತ
ಹಮಾಲರ ಮುಂದೆಲ್ಲ ಹೊಗಳಿಕೊಂಡಿದ್ದೆ.

ಮಾತ್ರೆ ಬರೆದಳು, ಎಕ್ಸ್‌ರೇಗೆ ಚೀಟಿ.
ಮೂಟೆ ಕಡಿಮೆ ಮಾಡಿ, ಅಂದಳು,
ಸಾರಿಗೆ ಉಪ್ಪು ಕಡಿಮೆ ಮಾಡಿ ಅಂದಂತೆ.
ಎದ್ದೆ. ಕಟಕ್ ಅಂದಿತು.
ಬಾಗಿಲ ತನಕ ಹೋಗಿ ತಿರುಗಿ ಬಂದೆ.
ಇನ್ನೊಂದು ಫಾರಮ್ಮು ಕೊಡಿ.
ಯಾರಿಗೆ?
ಹೇಳಿದೆ. ಟೀ ಲೋಟ, ಉಂಗುರ, ಮುದ್ದೆ.
ಪೆನ್ನು ಕೆಳಗಿಟ್ಟು ಕೇಳಿದಳು ಇದನ್ನು ಮಾತ್ರ.
ನಾಳೆಯೇ ಕರಕೊಂಡು ಬನ್ನಿ.
ಹಾಜರಿ ಬೋನಸ್ಸು ಹೋಗುತ್ತೆ ತಾಯಿ.
ಬೆರಳು ಸೊಟ್ಟಗಾದ ಮೇಲೆ
ಯಾವ ಬೋನಸ್ಸೂ ಅದನ್ನ ನೆಟ್ಟಗೆ ಮಾಡಲ್ಲ, ಅಂದಳು,
ಮುಂದಿನ ನಂಬರು ಕೂಗಿದಳು.

ಹೊರಗೆ ಬಿಸಿಲು. ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆ ತುಂಬ.
ಅಭ್ಯಾಸಕ್ಕೆ ಕೈ ಜೇಬಿಗೆ ಹೋಯಿತು,
ಬೆಂಕಿಪೊಟ್ಟಣದ ಹತ್ತಿರ ಫೋನೂ ಇತ್ತು.
ಊಟದ ಬೆಲ್ಲು ಹೊಡೆದಿರುತ್ತೆ ಅವಳಿಗೆ.
ಎತ್ತೋಕೆ ಅದೇನು ತಡ ಅಂತ ದಿನಾ ಬೈಯುತ್ತಿದ್ದವನು
ಇವತ್ತು ಕಂಬಕ್ಕೊರಗಿ
ರಿಂಗು ಎಣಿಸುತ್ತಾ ನಿಂತೆ.